ಬಾಗಿಲಲ್ಲಿ ಐದು ಜೊತೆ ಶೂ

ಬೆಳಗಿನ ಚಹಾ ಹಿಡಿದು ಜಗಲಿಗೆ ಬಂದರೆ ಬೆರಿಲ್ ಹಾಸ್ಕಿನ್ ಮೊದಲು ಮಾಡುವ ಕೆಲಸ ಪಕ್ಕದ ಮನೆಯ ಬಾಗಿಲಲ್ಲಿ ಬಿಟ್ಟ ಶೂಗಳನ್ನು ಎಣಿಸುವುದು. ವಾಟಲ್ ಬೀದಿ ವಿಶ್ವವಿದ್ಯಾಲಯದ ಬೇಲಿಗೆ ಅಂಟಿಕೊಂಡಿದೆ. ಸಂಬಂಧಿಕರಲ್ಲದವರು ಒಂದು ಮನೆಯಲ್ಲಿ ಐದು ಜನಕ್ಕಿಂತ ಹೆಚ್ಚು ಇರಬಾರದೆಂಬುದು ನಗರಸಭೆಯ ನಿಯಮ. ಆ ಮನೆಯಲ್ಲಿ ಬಾಡಿಗೆಗಿದ್ದ, ಟೊಂಗಾ ದ್ವೀಪಗಳಿಂದ ಓದಲು ಬಂದ ಮಕ್ಕಳು ಶೂ ಹೊರಗೆ ಬಿಟ್ಟೇ ಒಳಗೆ ಹೋಗುವವರು. ಹಾಗಾಗಿ ಲೆಕ್ಕ ಸುಲಭ. ಚಳಿಗಾಲದ ಆರಂಭದಲ್ಲಿ ಒಂಬತ್ತು ಜೊತೆ ಎಣಿಸಿದ ಬೆರಿಲ್ ದೂರು ಬರೆದಳು. ಮನೆಯ ಮಾಲೀಕನಿಗೆ ನೋಟಿಸು ಬಂತು. ಮರುವಾರದಿಂದ ಬಾಗಿಲಲ್ಲಿ ಐದೇ ಜೊತೆ. ಅರವತ್ತೆಂಟರ ವಿಧವೆಗೆ ಇಂಥ ಗೆಲುವು ಅಪರೂಪ. ನಾಲ್ಕು ದಿನ ಬೀದಿಯಲ್ಲಿ ತಲೆ ಎತ್ತಿ ನಡೆದಳು.

ಅವಳ ದೊಡ್ಡ ಹೋರಾಟ ಬೇರೆಯೇ ಇತ್ತು. ಮೂಲೆಯ ಖಾಲಿ ಜಾಗದಲ್ಲಿ ಐದಂತಸ್ತಿನ ವಿದ್ಯಾರ್ಥಿನಿಲಯ ಕಟ್ಟಲು ಅರ್ಜಿ ಬಿದ್ದು ಮೂರು ವರ್ಷವಾಗಿತ್ತು. ವಿನ್ಯಾಸ ಪರಿಶೀಲನಾ ಸಮಿತಿಯ ಮುಂದೆ ಅದು ಬಂದಾಗಲೆಲ್ಲ ಬೆರಿಲ್ ಒಂದು ತಕರಾರು ಎತ್ತುತ್ತಿದ್ದಳು. ಒಮ್ಮೆ ಇಟ್ಟಿಗೆಯ ಬಣ್ಣ, ಇನ್ನೊಮ್ಮೆ ಮಾಡಿನ ಇಳಿಜಾರು, ಮತ್ತೊಮ್ಮೆ ನೆರಳು. ನಕ್ಷೆ ವಾಪಸಾಗುತ್ತಿತ್ತು.

"ಆ ಬಿಲ್ಡಿಂಗ್ ಎದ್ದಿದ್ರೆ ನಮಗೂ ಒಂದೊಂದು ರೂಮ್ ಸಿಗ್ತಿತ್ತು ಆಂಟಿ," ಎಂದಿದ್ದಳು ಪಕ್ಕದ ಮನೆಯ ಲೂಪೆ, ಬೇಲಿಯಾಚೆ ಬಟ್ಟೆ ಒಣಹಾಕುತ್ತಾ. ಹಗಲು ನರ್ಸಿಂಗ್ ಓದು, ವಾರಕ್ಕೆ ಮೂರು ರಾತ್ರಿ ವೃದ್ಧಾಶ್ರಮದಲ್ಲಿ ಪಾಳಿ.

"ನಮ್ಮ ಬೀದಿಗೂ ಒಂದು ಲಕ್ಷಣ ಅಂತ ಇದೆ ಕಣಮ್ಮ. ಐದಂತಸ್ತು ಎದ್ರೆ ನನ್ನ ನಿಂಬೆ ಗಿಡಕ್ಕೆ ಬಿಸಿಲೇ ಬೀಳಲ್ಲ."

"ನಿಮ್ಮ ಗಿಡ ಪುಣ್ಯ ಮಾಡಿತ್ತು ಬಿಡಿ. ಅದಕ್ಕಾದ್ರೂ ಜಾಗ ಇದೆ."

"ಬಾಯಿ ಜೋರು ನಿಂದು," ಎನ್ನುತ್ತಲೇ ಬೆರಿಲ್ ಬೇಲಿಯ ಮೇಲಿಂದ ನಾಲ್ಕು ನಿಂಬೆಹಣ್ಣು ಕೊಟ್ಟಳು. ಕೆಟ್ಟ ಹೆಂಗಸೇನಲ್ಲ.

ಜುಲೈನಲ್ಲಿ, ಆ ಊರಿನ ನಡುಚಳಿಗಾಲದ ಒಂದು ದಿನ, ಬೆಳಿಗ್ಗೆ ಹತ್ತಕ್ಕೆ, ಹೀಟರಿನಿಂದ ಆ ಮನೆಗೆ ಬೆಂಕಿ ಹತ್ತಿತು. ಅಗ್ನಿಶಾಮಕದವರನ್ನು ಕರೆದವಳೂ ಬೆರಿಲ್ಲೇ.

"ಒಳಗೆ ಯಾರಾದ್ರೂ ಇದಾರಾ?" ವಾಹನದಿಂದ ಧುಮುಕಿದವನು ಕೇಳಿದ.

"ಯಾರೂ ಇಲ್ಲ. ಇರೋದು ಐದು ಜನ, ಎಲ್ಲಾ ಕ್ಲಾಸಿಗೆ ಹೋಗಿದಾರೆ. ಬಾಗಿಲಲ್ಲಿ ಒಂದು ಜೊತೆ ಶೂನೂ ಇಲ್ಲ ನೋಡಿ. ನಾನು ದಿನಾ ಎಣಿಸ್ತೀನಿ."

ಅವರು ಮೊದಲು ಹೊರಗಿನಿಂದ ನೀರು ಹೊಡೆದರು. ಒಳಹೊಕ್ಕಾಗ ಹೊತ್ತು ಮೀರಿತ್ತು. ಹಿಂದಿನ ಕೋಣೆಯನ್ನು ಪ್ಲೈವುಡ್ ಹೊಡೆದು ಮೂರು ಮಾಡಿದ್ದರು. ಕಿಟಕಿಯಿಲ್ಲದ ನಡುವಿನ ಗೂಡಿನಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ಲೂಪೆ ಮಲಗಿದ್ದಳು. ಶೂ ಮಂಚದ ಕೆಳಗಿತ್ತು.

"ನೋಟಿಸು ಬಂದ ಮೇಲೆ ನಾವು ನಾಲ್ಕು ಜನ ಶೂ ಒಳಗೇ ಇಡ್ಬೇಕು ಅಂತ ಓನರ್ ಹೇಳಿದ್ರು ಆಂಟಿ," ಎಂದಳು ಲೂಪೆಯ ಗೆಳತಿ ಅಳುತ್ತಾ.

ಮೂರು ವಾರದ ನಂತರ ವಿದ್ಯಾರ್ಥಿನಿಲಯದ ನಕ್ಷೆ ನೋಡಲು ಸಮಿತಿ ಮತ್ತೆ ಸೇರಿತು. ಎದುರುಮನೆಯ ಕಾಲಿನ್ ನಲವತ್ತೊಂದು ಸಹಿಗಳ ಆಕ್ಷೇಪಣೆಯನ್ನು ಅವಳ ಕೈಗಿತ್ತ. "ಬೆಂಕಿ ವಿಷಯಾನೂ ಎತ್ತು ಬೆರಿಲ್. ಸ್ಟೂಡೆಂಟ್ಸ್ ಬಂದ್ರೆ ಹೀಗೇ ಆಗೋದು ಅಂತ."

ಬೆರಿಲ್ ಮೈಕಿನ ಮುಂದೆ ನಿಂತು, ಹಾಳೆಯ ತುದಿಯಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕಿದಳು.

"ಬರ್ಕೊಳ್ಳಿ. ಅವತ್ತು ಮನೆ ಖಾಲಿ ಅಂದವಳು ನಾನು. ಆ ಹುಡುಗಿ ಶೂ ಒಳಗೆ ಹೋಗೋ ಹಾಗೆ ಮಾಡಿದವಳೂ ನಾನೇ."

ಅಧ್ಯಕ್ಷ ಪೆನ್ನು ಕೆಳಗಿಟ್ಟ. "ಮೇಡಂ, ಕಟ್ಟಡದ ವಿನ್ಯಾಸದ ಬಗ್ಗೆ ಏನಾದ್ರೂ ಹೇಳೋದಿದೆಯಾ?"

"ಎಲ್ಲಾ ರೂಮಿಗೂ ಕಿಟಕಿ ಇದೆಯಾ?"

ಅವನು ನಕ್ಷೆ ತಿರುವಿದ. "ಇದೆ."

"ಹಾಗಿದ್ರೆ ನನ್ನದೇನೂ ತಕರಾರಿಲ್ಲ."

ಅವಳು ವಾಪಸು ಬಂದು ಕೂತಳು. ಕಾಲಿನ್ ಎದ್ದು ಬೇರೆ ಸಾಲಿಗೆ ಹೋದ.