ಬಲಗಡೆಯ ಚುಕ್ಕೆ

ಬೊಮ್ಮಯ್ಯನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕುಮಟೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಧನ್ಯಾ ಅವನ ಬೆನ್ನಿಗೆ ಸ್ಟೆಥೊಸ್ಕೋಪ್ ಇಟ್ಟು ಕೇಳಿ, ಎರಡೂ ಮೀನಖಂಡ ಒತ್ತಿ ನೋಡಿ, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಅಂಕಿ ಓದಿ ಅದನ್ನೇ ಹೇಳಿದಳು. ಹಿಂದಿನ ದಿನ ಕೆಸರಿನಲ್ಲಿ ಹೂತ ದೋಣಿಯನ್ನು ಅವನು ಒಬ್ಬನೇ ನೂಕಿದ್ದ. ಪಕ್ಕೆಯ ಸ್ನಾಯು ಹಿಡಿದುಕೊಂಡಿತ್ತು. ಉಸಿರೆಳೆದಾಗ ಚುಚ್ಚುತ್ತಿದ್ದದ್ದು ಅದು.

"ಎಣ್ಣೆ ಹಚ್ಚಿ ಬಿಸಿನೀರು ಹೊಯ್ಕೊಳ್ಳಿ. ಒಂದು ವಾರ ಹೊಳೆಗೆ ಇಳೀಬೇಡಿ."

ಬೊಮ್ಮಯ್ಯ ಅಂಗಿಗೆ ಕೈ ಚಾಚಿದ. ಅಳಿಯ ವಿನೋದ ಬಾಗಿಲಿಗೆ ಅಡ್ಡ ನಿಂತಿದ್ದ.

"ಡಾಕ್ಟ್ರಮ್ಮ, ಸ್ಕ್ಯಾನ್ ಮಾಡೂದಿಲ್ವಾ?"

"ಬೇಡ."

"ನಮ್ಮಣ್ಣನೂ ಹೀಂಗೇ ಹೇಳ್ದ, ಉಸ್ರು ತಕ್ಕಂಡ್ರೆ ಚುಚ್ತದೆ ಅಂತ. ಗ್ಯಾಸು ಅಂದ್ರು. ಮಾರನೇ ದಿನ ಮಂಗ್ಳೂರಿಗೆ ಅಂತ ಅಂಬುಲೆನ್ಸಲ್ಲಿ ಹಾಕಂಡು ಹೋದ್ರೆ ಭಟ್ಕಳ ದಾಟೂಕೂ ಆಗ್ಲಿಲ್ಲ. ಶ್ವಾಸಕೋಶದಲ್ಲಿ ರಕ್ತ ಹೆಪ್ಪು ಕಟ್ಟಿತ್ತಂತೆ."

ಧನ್ಯಾ ಕುರ್ಚಿ ಎಳೆದು ಕೂತಳು. "ಅದಕ್ಕೂ ಮೊದಲು ಅವರಿಗೆ ಏನಾಗಿತ್ತು?"

"ಕಾಲು ಮುರ್ದಿತ್ತು. ಪ್ಲಾಸ್ಟರ್ ಹಾಕಂಡು ತಿಂಗ್ಳು ಮಲ್ಗಿದ್ದ."

"ಹೆಪ್ಪು ಕಾಲಲ್ಲಿ ಕಟ್ಟಿ ಮೇಲೆ ಹೋಗಿದೆ. ಅವರಿಗೆ ಸ್ಕ್ಯಾನ್ ಮಾಡಲೇಬೇಕಿತ್ತು. ಇವರು ಮಲಗಿದವರಲ್ಲ, ಕಾಲು ಊದಿಲ್ಲ."

"ಹಂಗಾರೆ ಎಂತದೂ ಆಗೂದಿಲ್ಲ ಅಂತ ಬರ್ದು ಸೈನ್ ಹಾಕಿ ಕೊಡಿ."

ಅವಳು ಪೆನ್ನು ತೆಗೆದುಕೊಂಡಳು. ಬರೆದದ್ದು ಹೆಪ್ಪಿನ ಸುಳಿವು ಹುಡುಕುವ ರಕ್ತಪರೀಕ್ಷೆಗೆ. ಅದರ ಅಂಕಿ ಸ್ವಲ್ಪ ಹೆಚ್ಚು ಬಂತು. "ಈ ವಯಸ್ಸಿಗೆ ಇಷ್ಟು ಇರ್ತದೆ," ಎಂದು ತನಗೇ ಹೇಳಿಕೊಂಡಂತೆ ಹೇಳಿದಳು. ಆಮೇಲೆ ವಿನೋದನ ಮುಖ ನೋಡಿದಳು. "ಹೆಚ್ಚು ಅಂತ ಬಂದ ಮೇಲೆ ಬಿಡೋ ಹಾಗೂ ಇಲ್ಲ. ಮಾಡಿಸಿಬಿಡಿ."

ಯಂತ್ರದ ಬಳೆಯೊಳಗೆ ಬೊಮ್ಮಯ್ಯ ಕೈ ಮೇಲೆತ್ತಿ ಮಲಗಿದ. ನರದೊಳಗೆ ಮದ್ದು ಹೋದಾಗ ಹೊಟ್ಟೆಯ ಕೆಳಗೆಲ್ಲ ಬಿಸಿಯಾಗಿ, ಹಾಸಿಗೆಯಲ್ಲೇ ಉಚ್ಚೆ ಹೋಯಿತು ಎಂದು ಹೆದರಿದ. ಉಸಿರು ಬಿಗಿಹಿಡಿಯಲು ಹೇಳಿದರು. ಅದು ಅವನಿಗೆ ಗೊತ್ತಿದ್ದ ಕೆಲಸ. ಅಘನಾಶಿನಿಯ ಅಳಿವೆಯಲ್ಲಿ ಎರಡಾಳು ಆಳದ ನೀರಿಗೆ ಮುಳುಗಿ, ತಳದ ಮರಳು ಕೆದಕಿ ಬಳಚು ಎಂಬ ಚಿಪ್ಪುಮೀನನ್ನು ಬುಟ್ಟಿಗೆ ಬಾಚಿ ಮಾರಿಯೇ ಅವನು ಮಗಳ ಮದುವೆ ಮಾಡಿದವನು. ಯಂತ್ರ ನಿಂತು ಎಷ್ಟೋ ಹೊತ್ತಾದರೂ ಅವನು ಉಸಿರು ಬಿಡಲಿಲ್ಲ. ಟೆಕ್ನಿಷಿಯನ್ ರೂಪಾ ಗಾಬರಿಯಾಗಿ ಓಡಿಬಂದಳು.

"ಬಿಡಿ ಬಿಡಿ! ಜೀವ ಅದೆಯಾ ಇಲ್ವಾ ನಿಮಗೆ?"

"ನೀವು ಬಿಡು ಅಂದ್ರೆ ಅಲ್ದಾ ಬಿಡೂದು," ಎಂದು ಅವನು ಎದ್ದು ಲುಂಗಿ ಮುಟ್ಟಿ ನೋಡಿಕೊಂಡ. ಒಣಗಿಯೇ ಇತ್ತು.

ಹೆಪ್ಪು ಇರಲಿಲ್ಲ. "ಆದರೆ ಬಲಗಡೆ, ಕೆಳಗೆ, ಒಂದು ಚುಕ್ಕೆ ಇದೆ," ಎಂದಳು ಧನ್ಯಾ. "ಹೆಸರುಕಾಳಿಗಿಂತ ಚೂರು ದೊಡ್ಡದು. ಹುಡುಕಿದರೆ ಬಹಳ ಜನರಲ್ಲಿ ಸಿಗ್ತದೆ. ವರ್ಷ ಬಿಟ್ಟು ಇನ್ನೊಮ್ಮೆ ನೋಡುವ."

"ಅದು ಎಂತದು?"

"ಹೆಚ್ಚಿನಂಶ ಏನೂ ಅಲ್ಲ."

ಬೊಮ್ಮಯ್ಯನ ಕಿವಿಯಲ್ಲಿ ಉಳಿದದ್ದು 'ಹೆಚ್ಚಿನಂಶ'. ಹೊರಗೆ ವಿನೋದ ರಿಕ್ಷಾ ಚಾಲು ಮಾಡುತ್ತ, "ಕಂಡ್ರಾ ಮಾವ, ಮಾಡ್ಸಿದ್ದಕ್ಕೆ ಗೊತ್ತಾತು," ಎಂದ.

ಪಕ್ಕೆಯ ನೋವು ವಾರದೊಳಗೆ ಹೋಯಿತು. ಬೊಮ್ಮಯ್ಯ ಹೊಳೆಗೆ ಹೋದ. ಮುಳುಗಿ ಮರಳಿಗೆ ಕೈ ಹಾಕಿದ್ದೇ ಚುಕ್ಕೆ ನೆನಪಾಯಿತು. ಒಳಗೆ ಬಿಗಿಹಿಡಿದ ಗಾಳಿಯೆಲ್ಲ ಅದೊಂದೇ ಜಾಗವನ್ನು ಒತ್ತುತ್ತಿದೆ ಅನ್ನಿಸಿತು. ಖಾಲಿ ಬುಟ್ಟಿ ಹಿಡಿದು ಮೇಲೆ ಬಂದ. ಪಕ್ಕದ ದೋಣಿಯ ಚೌಡ ನಕ್ಕ.

"ಎಂತದಾ ಬೊಮ್ಮಯ್ಯಾ, ಮುಖ ತೊಳೂಕೆ ಇಳ್ದಿದ್ಯನಾ?"

ಮಾರನೆಯ ದಿನವೂ ಹಾಗೇ ಆಯಿತು. ಬೀಡಿ ಬಿಟ್ಟ, ತಣ್ಣೀರಿನ ಸ್ನಾನ ಬಿಟ್ಟ. ಜಗಲಿಯಲ್ಲಿ ಎದೆಗೆ ಅಂಗೈ ಇಟ್ಟು ಕೂರುವುದು ರೂಢಿಯಾಯಿತು. ಹೆಂಡತಿ ಲಕ್ಕಿಗೆ ನೋಡಿ ಸಾಕಾಯಿತು.

"ಎಂತ ಮಾಡ್ತ್ರಿ ಅಲ್ಲಿ?"

"ಉಸ್ರು ಎಲ್ಲೀವರಿಗೆ ಹೋಗ್ತದೆ ನೋಡ್ತೆ."

"ಇಷ್ಟು ವರ್ಷ ಅದ್ರಷ್ಟಕ್ಕೇ ಹೋಗಿ ಬರ್ತಿತ್ತು. ನೀವು ಹಿಂಗೆ ಕಾವಲು ಕೂತ್ರೆ ಅದ್ಕೂ ನಾಚ್ಕೆ ಆಗೂದಿಲ್ವಾ?"

ಅವನು ನಗಲಿಲ್ಲ. ಮಳೆ ಮುಗಿದ ಮೇಲೆ ದೋಣಿಯನ್ನು ಚೌಡನಿಗೆ ಮಾರಿದ.

ವರ್ಷ ತುಂಬಿದಾಗ ಮತ್ತೆ ಸ್ಕ್ಯಾನ್ ಆಯಿತು. ಧನ್ಯಾ ಎರಡು ಚಿತ್ರಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದಳು. ಚುಕ್ಕೆ ಬೆಳೆದಿರಲಿಲ್ಲ. ಯಾವಾಗಲೋ ಬಂದು ಹೋದ ಸೋಂಕಿನ ಕಲೆ ಇರಬೇಕು ಎಂದಳು. "ಇನ್ನು ಬರೋದು ಬೇಡ. ಧೈರ್ಯವಾಗಿ ಮುಳುಗಿ." ಪರದೆ ಆರಿಸುತ್ತ, "ಅವತ್ತೇ ನಾನು ಸ್ಕ್ಯಾನ್ ಇಲ್ಲದೆ ಮನೆಗೆ ಕಳಿಸಿಬಿಡಬೇಕಿತ್ತು," ಎಂದಳು.

"ನೀವು ಎಂತ ಮಾಡ್ತ್ರಿ ಅಮ್ಮ. ಅವನ ಅಣ್ಣ ಸತ್ತದ್ದು ಸುಳ್ಳಲ್ಲ," ಎಂದ ಬೊಮ್ಮಯ್ಯ.

ಮಾರನೆಯ ದಿನ ಅವನು ಚೌಡನ ದೋಣಿ ಹತ್ತಿದ. ಹೊಳೆಯ ನಡುವೆ ಅಂಚಿಗೆ ಕೂತು ಎದೆ ತುಂಬ ಗಾಳಿ ಎಳೆದ. ಬಿಟ್ಟ. ಮತ್ತೆ ಎಳೆದ, ಬಿಟ್ಟ. ಚೌಡ ಈ ಸಲ ನಗಲಿಲ್ಲ. "ದಿಬ್ಬದ ಹತ್ರ ಬಿಡ್ಲನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹುಟ್ಟು ತಿರುಗಿಸಿದ.

ನೀರಿನ ಇಳಿತಕ್ಕೆ ಮೇಲೆದ್ದ ಮರಳುದಿಬ್ಬದ ಸುತ್ತ ಹೆಂಗಸರು ಸೊಂಟ ಬಗ್ಗಿಸಿ ಬಳಚು ಹೆಕ್ಕುತ್ತಿದ್ದರು. ಲಕ್ಕಿ ತಲೆಯೆತ್ತಿ ನೋಡಿದಳು. ಬುಟ್ಟಿಯನ್ನು ಅತ್ತ ಸರಿಸಿ ಜಾಗ ಮಾಡಿದಳು. ಬೊಮ್ಮಯ್ಯ ಅವಳ ಪಕ್ಕ ಬಗ್ಗಿದ. ನೀರು ಮೊಣಕಾಲಿನವರೆಗೆ ಇತ್ತು.

ಹೋದದ್ದು ಇಷ್ಟು: ದೋಣಿ ಒಂದು, ನೀರು ಎರಡಾಳು.