ಕಂಪಾದ್ರೆ ಕೊಟ್ಟ ದೊಡ್ಡ ಟಯರು

ಸೆಪ್ಟೆಂಬರ್ ಮುಗಿಯುತ್ತ ಬಂದರೆ ನಮ್ಮ ಕಣಿವೆಯಲ್ಲಿ ಎಲ್ಲರ ಕಣ್ಣೂ ನೆರೆಮನೆಯ ಸೌದೆಯ ಒಟ್ಟಿಲಿನ ಮೇಲೆ. ಯಾರದು ಕಿಟಕಿಯ ಎತ್ತರಕ್ಕೆ ಬಂತು, ಯಾರದು ಇನ್ನೂ ಮೊಣಕಾಲಿಗಿದೆ ಎಂದು ಹೋಗುತ್ತ ಬರುತ್ತ ನೋಡುತ್ತಾರೆ. ನ್ಯೂ ಮೆಕ್ಸಿಕೊದ ಈ ಬೆಟ್ಟಗಳಲ್ಲಿ ಹಿಮ ಬಿದ್ದ ಮೇಲೆ ಸೌದೆಗೆ ಹೊರಡುವವನನ್ನು ಯಾರೂ ಜಾಣ ಅನ್ನುವುದಿಲ್ಲ.

ಆ ವರ್ಷ ಎಲೋಯ್‌ನ ಅಂಗಳದಲ್ಲಿ ಒಂದು ತುಂಡು ಸೌದೆಯೂ ಇರಲಿಲ್ಲ. ಅವನು ಸೋಮಾರಿಯಲ್ಲ. ಅಪ್ಪನ ಕಾಲದ ಜೀಪಿನ ಟಯರು ಸವೆದು ಬೋಳಾಗಿದ್ದವು. ಮೂಗು ಮೊಟಕಾಗಿರುವ ಆ ಜೀಪನ್ನು ಮನೆಯವರೆಲ್ಲ ‘ಮೋಟುಮೂಗಿ’ ಎಂದೇ ಕರೆಯುತ್ತಿದ್ದರು. ಹಿಂದೆ ಪುಟ್ಟ ಟ್ರೇಲರು ಕಟ್ಟಿಕೊಂಡು ಅದು ಎಷ್ಟೋ ಚಳಿಗಾಲದ ಸೌದೆಯನ್ನು ಬೆಟ್ಟದಿಂದ ಇಳಿಸಿತ್ತು. ಬೋಳು ಟಯರಿನಲ್ಲಿ ಆ ಜೇಡಿಮಣ್ಣಿನ ದಾರಿ ಹತ್ತುವುದು ಮಾತ್ರ ಅದರ ಕೈಲೂ ಆಗದು.

“ಟಯರು ಹಾಕಿಸ್ತೀಯೋ, ಇಲ್ಲಾ ಮೇಜು ಕುರ್ಚಿ ಒಲೆಗೆ ಹಾಕೋಣ್ವೋ?” ಎಂದು ಅವನ ಹೆಂಡತಿ ದೆಲ್ಫಿನಾ ದಿನವೂ ಕುಟುಕುತ್ತಿದ್ದಳು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಫಿದೆನ್ಸಿಯೊ ಬಂದ. ಎಲೋಯ್‌ನ ಮಗಳಿಗೆ ಇಗರ್ಜಿಯಲ್ಲಿ ಜ್ಞಾನಸ್ನಾನ ಆದಾಗ ಧರ್ಮತಂದೆಯಾಗಿ ನಿಂತವನು ಅವನು. ಹಾಗೆ ನಿಂತ ಮೇಲೆ ಇಬ್ಬರು ಗಂಡಸರು ಒಬ್ಬರಿಗೊಬ್ಬರು ‘ಕಂಪಾದ್ರೆ’ ಆಗುತ್ತಾರೆ. ಒಟ್ಟಿಗೆ ಬೆಳೆದ ಗೆಳೆಯರಾದರೂ ಅವತ್ತಿನಿಂದ ಬಹುವಚನದಲ್ಲೇ ಮಾತು. ಕಂಪಾದ್ರೆ ಕರೆದರೆ ಹೋಗಬೇಕು, ಕೊಟ್ಟರೆ ತೆಗೆದುಕೊಳ್ಳಬೇಕು. ಬೇಡ ಅನ್ನುವುದು ಅವನ ಮುಖಕ್ಕೆ ಹೊಡೆದ ಹಾಗೆ. ಅದು ನಮ್ಮಲ್ಲಿ ನಡೆದು ಬಂದ ರೀತಿ.

ಫಿದೆನ್ಸಿಯೊ ಎಂದರೆ ನಮ್ಮ ಕಣಿವೆಯ ಪಿಟೀಲು. ಮದುವೆಗೆ ಅವನು ಬೇಕು, ಸುಗ್ಗಿಯ ಕುಣಿತಕ್ಕೆ ಅವನು ಬೇಕು. ಹೊಸ ವರ್ಷದ ಬೆಳಿಗ್ಗೆ ಮನೆಮನೆಯ ಬಾಗಿಲಿಗೆ ಹೋಗಿ, ಪಿಟೀಲು ನುಡಿಸುತ್ತ, ಆ ಮನೆಯವರ ಹೆಸರು ಕೂಡಿಸಿ ಹಾಡಿ ಹರಸಿ ಬರುವವನೂ ಅವನೇ.

“ಕಂಪಾದ್ರೆ, ಗೇಟು ತೆಗೀರಿ! ನಿಮ್ಮ ಮೋಟುಮೂಗಿಗೆ ಹೊಸ ಬೂಟು ತಂದಿದ್ದೀನಿ!” ಎಂದು ಬೀದಿಯಿಂದಲೇ ಕೂಗಿದ.

ಅವನ ಗಾಡಿಯ ಹಿಂಬದಿಯಲ್ಲಿ ನಾಲ್ಕು ಟಯರು ಡಿಸ್ಕ್ ಸಮೇತ ಕೂತಿದ್ದವು. ಅವನ ಅಳಿಯ ತನ್ನ ದೊಡ್ಡ ಗಾಡಿ ಮಾರುವ ಮುಂಚೆ ಬಿಚ್ಚಿಟ್ಟವು. ನೆಲ ಹಿಡಿಯುವ ಒಳ್ಳೆ ಆಳದ ಕಚ್ಚುಗಳು, ಎದೆ ಸೆಟೆಸಿದ ಟಯರು.

“ಏನ್ ಕಂಪಾದ್ರೆ, ಇವು ಟ್ರ್ಯಾಕ್ಟರಿಂದು ಬಿಚ್ಚಿದ್ರಾ?” ಎಂದು ಎಲೋಯ್ ನಕ್ಕ.

“ನಗ್ರಿ, ನಗ್ರಿ. ಇವನ್ನ ಹಾಕಿದ ಮೇಲೆ ಬೆಟ್ಟಾನೇ ತಗ್ಗಿ ನಿಮ್ಮ ಅಂಗಳಕ್ಕೆ ಬರತ್ತೆ.”

ಬೋಲ್ಟಿನ ತೂತುಗಳು ಸರಿಯಾಗಿ ಕೂತವು. ಸಂಜೆಯೊಳಗೆ ಮೋಟುಮೂಗಿ ಒಂದು ಗೇಣು ಬೆಳೆದವಳ ಹಾಗೆ ನಿಂತಿತ್ತು. ಸಮತಟ್ಟಾದ ಅಂಗಳದಲ್ಲಿ ಎಲೋಯ್ ಸ್ಟೇರಿಂಗನ್ನು ಆ ಕಡೆ ಈ ಕಡೆ ತಿರುಗಿಸಿದ. ಎಲ್ಲೋ ಒಂಚೂರು ‘ಸರ್’ ಎಂದು ಸವರಿದ ಸದ್ದು.

“ಕೂತ್ಕೊಂತು!” ಎಂದ. ಇಬ್ಬರೂ ಕೈ ಕುಲುಕಿದರು.

ಮರುದಿನ ದೆಲ್ಫಿನಾಳ ಅಕ್ಕ ಬೆರೆನೀಸ್ ಸುಟ್ಟ ಹಸಿಮೆಣಸಿನಕಾಯಿ ಕೊಡಲು ಬಂದಳು. ಊರಿನ ಬೆಂಕಿ ಆರಿಸುವ ಸ್ವಯಂಸೇವಕರ ತಂಡದ ಹಳೆ ಲಾರಿಯನ್ನು ಬೆಟ್ಟದ ದಾರಿಯಲ್ಲಿ ಓಡಿಸುವವಳು ಅವಳೇ. ಜೀಪಿನ ಸುತ್ತ ಒಂದು ಸುತ್ತು ಬಂದು, ಮಡ್‌ಗಾರ್ಡಿಗೂ ಟಯರಿಗೂ ನಡುವೆ ಬೆರಳು ತೂರಿಸಿ ನೋಡಿದಳು. ಎರಡು ಬೆರಳು ಹೋಗಲಿಲ್ಲ.

“ಎಲೋಯ್, ಇದರ ಅಳತೆ ಎಷ್ಟು?”

“ಮೂವತ್ತಮೂರು ಇಂಚು ಅತ್ತಿಗೆ. ಹೆಂಗಿದೆ?”

“ನಿನ್ನ ಜೀಪಿಗೆ ಬರಬೇಕಾದ್ದು ಎಷ್ಟು?”

“ಯಾರಿಗ್ಗೊತ್ತು?”

“ಬಾಗಿಲ ಪಕ್ಕದ ಚೀಟಿಗೆ ಗೊತ್ತು” ಎಂದು ಅವಳು ಎಂಜಲು ಹಚ್ಚಿ ಧೂಳು ಒರೆಸಿದಳು. ಅಕ್ಷರ ಮಾಸಿದ್ದರೂ ಓದಲು ಬಂತು. “ಇದರ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ಇಂಚು. ಮುದಿ ಕತ್ತೆಗೆ ಗಾಡಿಕುದುರೆಯ ಲಾಳ ಹೊಡೆಸಿದ್ದೀಯ ನೀನು.”

“ಹತ್ತೋಕೆ ದೊಡ್ಡದಾದಷ್ಟೂ ಒಳ್ಳೇದಲ್ವಾ?”

“ಹತ್ತೋಕೆ ಸರಿ. ಇಳಿಯೋಕೆ? ಚಕ್ರ ದೊಡ್ಡದು, ಭಾರ. ಬ್ರೇಕು ನಿಮ್ಮಪ್ಪನ ಕಾಲದ್ದು. ಮೊದಲನೇ ಗೇರಿಗೆ ಹಾಕಿದರೆ ಮೊದಲು ಗಾಡಿ ತಡೆದು ನಿಲ್ತಿತ್ತು, ಈಗ ಅಷ್ಟು ತಡೆಯಲ್ಲ. ಆಗ ಕಾಲು ಬ್ರೇಕಿನ ಮೇಲೇ ಇರತ್ತೆ. ಬ್ರೇಕು ಕಾದರೆ ಹಿಡಿಯಲ್ಲ. ಮೀಟರಿನ ಮುಳ್ಳೂ ಸುಳ್ಳು ಹೇಳತ್ತೆ, ಅದು ನಲವತ್ತು ಅಂದ್ರೆ ನೀನು ನಲವತ್ತೈದರಲ್ಲಿ ಹೋಗ್ತಿರ್ತೀಯ.”

“ನಾನೇನು ರೇಸಿಗೆ ಹೋಗ್ತೀನಾ?”

“ಇನ್ನೊಂದು ಕೇಳು. ಅಂಗಳದಲ್ಲಿ ಎಲ್ಲಾ ಟಯರೂ ಕೂರತ್ತೆ. ಬೆಟ್ಟದಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದು ಮೇಲೆದ್ದು ಮಡ್‌ಗಾರ್ಡಿನೊಳಗೆ ತೂರತ್ತೆ. ಆಗ ಸ್ಟೇರಿಂಗ್ ತಿರುಗತ್ತಾ ಅಂತ ನೋಡಬೇಕು. ಮುಂದಿನ ಒಂದು ಚಕ್ರಾನ ನಾಲ್ಕು ಸೌದೆ ತುಂಡಿನ ಮೇಲೆ ಹತ್ತಿಸಿ, ಕೊನೇ ತನಕ ತಿರುಗಿಸಿ ನೋಡು.”

ಎಲೋಯ್ ತನ್ನ ಖಾಲಿ ಅಂಗಳವನ್ನು ತೋರಿಸಿದ. “ಸೌದೆ ಎಲ್ಲಿದೆ ಅತ್ತಿಗೆ? ಮೊದಲು ಸೌದೆ ತರ್ತೀನಿ, ಆಮೇಲೆ ಅದರ ಮೇಲೆ ಹತ್ತಿಸಿ ನೋಡೋಣ.”

ದೆಲ್ಫಿನಾ ಕೂಡ ನಕ್ಕುಬಿಟ್ಟಳು. ಬೆರೆನೀಸ್ ನಗಲಿಲ್ಲ.

“ಇದನ್ನ ವಾಪಸ್ ಕೊಡು. ನಮ್ಮ ತಂಡದ ಶೆಡ್ಡಿನಲ್ಲಿ ನಿನ್ನ ಅಳತೇದೇ ನಾಲ್ಕು ಟಯರಿವೆ, ಈ ಚಳಿಗಾಲಕ್ಕೆ ಹಾಕ್ಕೋ.”

“ಕಂಪಾದ್ರೆ ಕೊಟ್ಟಿದ್ದನ್ನ ವಾಪಸ್ಸಾ? ಆಮೇಲೆ ಇಗರ್ಜೀಲಿ ಯಾವ ಮುಖ ಇಟ್ಕೊಂಡು ಅವರ ಪಕ್ಕ ಕೂರಲಿ?”

ಮಾತು ಅಲ್ಲಿಗೇ ನಿಂತಿತು. ಸರಿಯಾದ ಟಯರು ಅರ್ಧ ಮೈಲಿ ದೂರದ ಶೆಡ್ಡಿನಲ್ಲಿ ಉಳಿಯಿತು.

ಶನಿವಾರ ಬೆಳಿಗ್ಗೆ ಇಬ್ಬರು ಕಂಪಾದ್ರೆಗಳೂ ಬೆಟ್ಟ ಹತ್ತಿದರು. ದೆಲ್ಫಿನಾ ಕಾಳು, ಮೆಣಸಿನಕಾಯಿ ತುಂಬಿದ ಸುರುಳಿ ರೊಟ್ಟಿ ಕಟ್ಟಿಕೊಟ್ಟಿದ್ದಳು. ಮೋಟುಮೂಗಿ ಜೇಡಿಮಣ್ಣನ್ನು ಬೆಣ್ಣೆಯ ಹಾಗೆ ಕೊಯ್ದುಕೊಂಡು ಮೇಲೇರಿತು. “ನೋಡಿದ್ರಾ? ಬೆರೆನೀಸಮ್ಮ ಸುಮ್ನೆ ಹೆದರಿಸ್ತಾಳೆ” ಎಂದ ಎಲೋಯ್. ಫಿದೆನ್ಸಿಯೊ ಸಿಳ್ಳೆ ಹಾಕುತ್ತ ಕೂತಿದ್ದ. ಒಣಗಿ ನಿಂತ ಮರಗಳನ್ನು ಕಡಿದು, ತುಂಡರಿಸಿ, ಟ್ರೇಲರು ತುಂಬಿದರು.

ಇಳಿಯುವಾಗ ಮೊದಲ ತಿರುವಿನಲ್ಲೇ ಎಲೋಯ್‌ಗೆ ಗೊತ್ತಾಯಿತು. ಗೇರು ತಡೆಯುತ್ತಿಲ್ಲ. ಸೌದೆಯ ಟ್ರೇಲರು ಹಿಂದಿನಿಂದ ನೂಕುತ್ತಿದೆ. ಅವನು ಬ್ರೇಕು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಸುಟ್ಟ ವಾಸನೆ ಬಂತು.

“ಕಂಪಾದ್ರೆ, ಸ್ವಲ್ಪ ನಿಧಾನ” ಎಂದ ಫಿದೆನ್ಸಿಯೊ.

“ನಿಧಾನಾನೇ ಕಂಪಾದ್ರೆ. ಇದು ಕೇಳ್ತಿಲ್ಲ.”

ಎಡಕ್ಕೆ ಕಡಿದಾಗಿ ಹೊರಳುವ ತಿರುವು ಬಂತು. ಬಲಕ್ಕೆ ಇಳಿಜಾರು. ಎಲೋಯ್ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ಎಳೆದ. ಅದೇ ಹೊತ್ತಿಗೆ ಮುಂದಿನ ಬಲಚಕ್ರ ಒಂದು ಬಂಡೆಯ ಮೇಲೆ ಎದ್ದು ಮಡ್‌ಗಾರ್ಡಿನೊಳಗೆ ತೂರಿ, ಅಂಚಿಗೆ ಸಿಕ್ಕಿಕೊಂಡಿತು. ಸ್ಟೇರಿಂಗ್ ಅರ್ಧಕ್ಕೇ ನಿಂತಿತು. ಜೀಪು ತಿರುಗಲಿಲ್ಲ. ದಾರಿ ಬಿಟ್ಟು ಬಲಕ್ಕೆ ಜಾರಿ, ಮಗ್ಗುಲಾಗಿ ಕಲ್ಲುಗಳ ಮೇಲೆ ಒರಗಿತು.

ಬೆಲ್ಟು ಕಟ್ಟಿಕೊಂಡಿದ್ದರಿಂದ ಇಬ್ಬರ ಜೀವವೂ ಉಳಿಯಿತು. ಆದರೆ ಫಿದೆನ್ಸಿಯೊ ಗಾಬರಿಯಲ್ಲಿ ಪಕ್ಕದ ಕಬ್ಬಿಣದ ಸರಳು ಹಿಡಿದಿದ್ದ. ಸರಳಿಗೂ ಕಲ್ಲಿಗೂ ನಡುವೆ ಸಿಕ್ಕಿದ್ದು ಬಲಗೈ. ಪಿಟೀಲಿನ ಕಮಾನು ಹಿಡಿಯುವ ಕೈ.

ಸುದ್ದಿ ತಿಳಿದು, ಹಗ್ಗ ರಾಟೆ ಹಿಡಿದು ತಂಡದ ಲಾರಿಯಲ್ಲಿ ಬಂದವಳು ಬೆರೆನೀಸ್. ಜೀಪನ್ನು ಎತ್ತಿ ಕೈ ಬಿಡಿಸಿದರು. ‘ನಾನು ಹೇಳಿರಲಿಲ್ವಾ’ ಎಂದು ಅವಳು ಅವತ್ತೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಎಲೋಯ್‌ಗೆ ಅದೇ ಹೆಚ್ಚು ಉರಿಯಿತು. ಪಟ್ಟಣದ ಆಸ್ಪತ್ರೆಯವರು ಕೈ ಉಳಿಸಿಕೊಟ್ಟರು. ಮೂರು ಬೆರಳು ಇನ್ನು ಮಡಚುವುದಿಲ್ಲ ಎಂದರು.

ಅಕ್ಕಪಕ್ಕದವರು ಸೇರಿ ಆ ಸೌದೆಯನ್ನು ಎಲೋಯ್‌ನ ಅಂಗಳದಲ್ಲಿ ತಂದು ಒಟ್ಟಿದರು. ಬಲಮಗ್ಗುಲು ನೆಗ್ಗಿದ್ದರೂ ಮೋಟುಮೂಗಿ ಇನ್ನೂ ಓಡುತ್ತಿತ್ತು. ಎಲೋಯ್ ಅದರ ಹತ್ತಿರ ಹೋಗುತ್ತಿರಲಿಲ್ಲ.

ಒಂದು ದಿನ ಫಿದೆನ್ಸಿಯೊನೇ ಬಂದ. ಕೈಗೆ ಬಿಳಿ ಕಟ್ಟು. “ಬೆರೆನೀಸ್ ಅದೇನೋ ಪರೀಕ್ಷೆ ಹೇಳಿದ್ಲಂತಲ್ಲ, ಸೌದೆ ಮೇಲೆ ಹತ್ತಿಸೋದು. ಸೌದೆ ಬಂತಲ್ಲ ಕಂಪಾದ್ರೆ. ಮಾಡಿ.”

“ಈಗ ಯಾಕೆ?”

“ನಾನು ನೋಡಬೇಕು.”

ದೆಲ್ಫಿನಾ ಹೋಗಿ ಅಕ್ಕನನ್ನು ಕರೆತಂದಳು. ನಾಲ್ಕು ದಪ್ಪ ತುಂಡುಗಳನ್ನು ನೆಲಕ್ಕೆ ಹಾಸಿ, ಪೆಟ್ಟು ಬೀಳದ ಎಡಚಕ್ರವನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿದರು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟರು. ಟಯರು ಮಡ್‌ಗಾರ್ಡಿನೊಳಗೆ ಏರಿತು.

“ಬಲಕ್ಕೆ ತಿರುಗಿಸು” ಎಂದಳು ಬೆರೆನೀಸ್.

ಎಲೋಯ್ ತಿರುಗಿಸಿದ. ಅರ್ಧಕ್ಕೆ ಗಕ್ಕೆಂದು ನಿಂತಿತು. ಎರಡೂ ಕೈಯಲ್ಲಿ ಎಳೆದ. ಕದಲಲಿಲ್ಲ. ಅವನು ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಕೂತುಬಿಟ್ಟ.

ಆಮೇಲೆ ಬೆರೆನೀಸ್ ಶೆಡ್ಡಿನಿಂದ ತಂದ ಟಯರು ಹಾಕಿಸಿದಳು. ಚೀಟಿಯಲ್ಲಿದ್ದ ಅಳತೆ. ಅದೇ ಸೌದೆ, ಅದೇ ಚಕ್ರ. ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ಸಲೀಸಾಗಿ ಹೋಯಿತು. ಪರೀಕ್ಷೆ ಎಂದರೆ ಇಷ್ಟು ಸಣ್ಣ ಕೆಲಸ. ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಹಿಡಿಯಲಿಲ್ಲ.

“ಇಷ್ಟೇನಾ?” ಎಂದಳು ದೆಲ್ಫಿನಾ. “ಅವತ್ತು ನಾನೂ ನಕ್ಕೆ.”

“ಇನ್ನೊಂದಿದೆ. ಸ್ಟೆಪ್ನಿ ನೋಡ್ರಿ” ಎಂದಳು ಬೆರೆನೀಸ್. “ಅವತ್ತು ಕೆಳಗೆ ದೊಡ್ಡದು, ಬೆನ್ನಿಗೆ ಮಾತ್ರ ಹಳೇ ಚಿಕ್ಕದು. ದಾರೀಲಿ ಪಂಕ್ಚರಾಗಿ ಅದನ್ನ ಹಾಕಿದ್ರೆ, ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಶಕ್ತಿ ಕೊಡೋ ಗೇರು ಕಡಿದು ಹೋಗ್ತಿತ್ತು. ಐದೂ ಒಂದೇ ಅಳತೆ ಇರಬೇಕು.”

ಫಿದೆನ್ಸಿಯೊ ಸೌದೆಯ ಮೇಲೆ ಕೂತಿದ್ದ. ಅಲ್ಲಿಂದಲೇ ಕೇಳಿದ:

“ಕಂಪಾದ್ರೆ, ಬೇಡ ಅಂತ ನನಗೆ ಒಂದು ಮಾತು ಹೇಳಬಾರದಾಗಿತ್ತಾ?”

“ನೀವು ಬೇಜಾರ್ ಮಾಡ್ಕೋತಿದ್ರಿ.”

“ಮಾಡ್ಕೋತಿದ್ದೆ. ಖಂಡಿತ ಮಾಡ್ಕೋತಿದ್ದೆ. ಭಾನುವಾರದ ತನಕ.” ಅವನು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲೆ ಸರಿಸಿಟ್ಟುಕೊಂಡ. “ಭಾನುವಾರ ಸಂಜೆ ನಿಮ್ಮ ಮನೆಗೆ ಪಿಟೀಲು ತಗೊಂಡು ಬಂದಿರ್ತಿದ್ದೆ.”



ಮೋಟುಮೂಗಿ ಈಗಲೂ ಬೆಟ್ಟಕ್ಕೆ ಹೋಗುತ್ತದೆ, ತನ್ನ ಅಳತೆಯ ಟಯರಿನಲ್ಲಿ. ಹತ್ತುವಾಗ ತುಸು ತಡವಾಗುತ್ತದೆ. ಇಳಿಯುವಾಗ ಗೇರು ಹಿಡಿದು ನಿಲ್ಲುತ್ತದೆ. ಆ ಹೊಸ ವರ್ಷದ ಬೆಳಿಗ್ಗೆಯೂ ಫಿದೆನ್ಸಿಯೊ ಮನೆಮನೆಗೆ ಬಂದ. ಎಲೋಯ್‌ನ ಬಾಗಿಲಲ್ಲಿ ನಿಂತು ಎಲ್ಲರ ಹೆಸರು ಕೂಡಿಸಿ ಹಾಡಿದ. ಒಳಗೆ ಒಲೆಯಲ್ಲಿ ಅವರಿಬ್ಬರೂ ಕಡಿದ ಸೌದೆ ಉರಿಯುತ್ತಿತ್ತು. ಪಿಟೀಲು ಮಾತ್ರ ಇರಲಿಲ್ಲ. ಒಂದೊಂದು ಸಾಲು ಮುಗಿದಾಗಲೂ, ಪಿಟೀಲು ನುಡಿಯಬೇಕಾಗಿದ್ದಷ್ಟು ಹೊತ್ತು ಅವನು ಸುಮ್ಮನೆ ನಿಂತು, ಆಮೇಲೆ ಮುಂದಿನ ಸಾಲು ಎತ್ತಿಕೊಳ್ಳುತ್ತಿದ್ದ.

ನಿಮ್ಮ ಅಂಗಳದಲ್ಲೂ ಅಪ್ಪನದೋ ಮಾವನದೋ ಒಂದು ಹಳೆ ಗಾಡಿ ಇದ್ದೀತು. ಅದಕ್ಕೆ ಟಯರು ಹಾಕಿಸುವ ಮುಂಚೆ ಬಾಗಿಲ ಪಕ್ಕದ ಚೀಟಿಯನ್ನು ಒರೆಸಿ ಓದಿ. ಅದು ಹರಿದಿದ್ದರೆ ಗಾಡಿಯ ಜೊತೆ ಬಂದ ಪುಸ್ತಕ ನೋಡಿ, ಅದೂ ಇಲ್ಲವಾದರೆ ತಿಳಿದವರನ್ನು ಕೇಳಿ. ಅದಕ್ಕಿಂತ ದೊಡ್ಡದು ಬೇಕೇ ಬೇಕು ಅನ್ನಿಸಿದರೆ ಬ್ರೇಕು, ಗೇರು, ಸ್ಪ್ರಿಂಗು ಅದಕ್ಕೆ ಒಗ್ಗುತ್ತವೆಯೇ ಎಂದು ಮೆಕ್ಯಾನಿಕ್ಕಿಗೆ ತೋರಿಸಿದ ಮೇಲೆ ಮುಂದಿನ ಮಾತು. ಕಚ್ಚು ಎಷ್ಟೇ ಚೆನ್ನಾಗಿರಲಿ, ಟಯರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ಇರುತ್ತವೆ, ಅದನ್ನೂ ನೋಡಿ, ವರ್ಷ ಕಳೆದ ರಬ್ಬರು ಬಿರಿಯುತ್ತದೆ. ಹಾಕಿಸಿದ ಮೇಲೆ ಮುಂದಿನ ಒಂದು ಚಕ್ರವನ್ನು ಸೌದೆಯ ಮೇಲೆ ಹತ್ತಿಸಿ, ಸ್ಟೇರಿಂಗನ್ನು ಎರಡೂ ತುದಿಗೆ ತಿರುಗಿಸಿ. ಸೌದೆ ಇಲ್ಲದಿದ್ದರೆ ನೆರೆಮನೆಯಿಂದ ನಾಲ್ಕು ತುಂಡು ಎರವಲು ತನ್ನಿ. ಸೌದೆ ಬರಲಿ, ಆಮೇಲೆ ನೋಡೋಣ ಅನ್ನಬೇಡಿ.

ಮತ್ತೆ, ನಿಮಗೆ ಬೇಕಾದವರು ಯಾರಾದರೂ ಪ್ರೀತಿಯಿಂದ ಅಳತೆ ಮೀರಿದ ಟಯರು ತಂದುಕೊಟ್ಟರೆ, ಅವರ ಕೈ ಹಿಡಿದುಕೊಂಡು ಬೇಡ ಎನ್ನಿ. ಭಾನುವಾರದ ತನಕ ಮುನಿಸಿಕೊಂಡಿರಲಿ ಬಿಡಿ.