ಭೂಗೋಳದ ಸೀತಾರಾಮ ಮಾಸ್ತರು

ಎಡ, ಬಲ ಎಂಬ ಶಬ್ದಗಳು ಸೀತಾರಾಮ ಮಾಸ್ತರ ಬಾಯಲ್ಲಿ ಬಂದದ್ದನ್ನು ಯಲ್ಲಾಪುರದಲ್ಲಿ ಯಾರೂ ಕೇಳಿರಲಿಲ್ಲ. ದಿಕ್ಕುಗಳಿಲ್ಲದೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಮದುವೆಯೂಟಕ್ಕೆ ಕುಳಿತರೂ ಬಡಿಸುವವನಿಗೆ ಗಂಭೀರವಾಗಿ, "ಉಪ್ಪಿನಕಾಯಿ ಎನ್ನ ಬಾಳೆಯ ವಾಯವ್ಯಕ್ಕೆ ಹಾಕು, ತಮಾ" ಎನ್ನುವರು. ಪಂಕ್ತಿಯೆಲ್ಲ ನಕ್ಕರೆ ತಾವೂ ನಗುವರು. ನಿವೃತ್ತರಾದ ಮೇಲೂ ತೊಡುತ್ತಿದ್ದ ಬೂದುಬಣ್ಣದ ಕೋಟಿನ ಜೇಬಿನಲ್ಲಿ ಸೀಮೆಸುಣ್ಣದ ತುಂಡೊಂದು ಸದಾ ಇರುತ್ತಿತ್ತು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು ಸಿಕ್ಕರೂ ಸಾಕು, ಅದರ ಮೇಲೆ ಜಿಲ್ಲೆಯ ನಕಾಶೆ ಮೂಡುತ್ತಿತ್ತು: ಕಾಳಿಯ ಅಳಿವೆಯಿಂದ ಹೊರಟು, ಗಂಗಾವಳಿ, ಅಘನಾಶಿನಿಗಳನ್ನು ದಾಟಿ, ಶರಾವತಿಯ ಮುಖವನ್ನು ಮುಟ್ಟಿ, ಘಟ್ಟದ ಬೆನ್ನೇರಿ ಸಿದ್ದಾಪುರ, ಶಿರಸಿಗಳನ್ನು ಬಳಸಿಕೊಂಡು ಮರಳಿ ಕಾಳಿಗೇ ಬಂದು ಕೂಡುವ ಒಂದೇ ಗೆರೆ. ಮೆಣಸಿನ ಹೇರು ಹೊತ್ತ ಎತ್ತುಗಳು ಹಿಂದೆ ಕಡಲಿಗಿಳಿದ ದಾರಿಗಳನ್ನೆಲ್ಲ ತಾವೇ ನಡೆದು ನೋಡಿದವರು ಅವರು. ನಡೆಯುವಾಗ ಹಿಮ್ಮಡಿಯನ್ನು ಕೊಂಚ ಒತ್ತಿ ಊರುವುದು ಅಭ್ಯಾಸ. ನೆಲದ ಕ್ಷೇಮಸಮಾಚಾರ ಕೇಳುವಂಥ ನಡಿಗೆ.

ಬಾವಿಗೆ, ಮನೆಗೆ ಜಾಗ ತೋರಿಸಲು ಜನ ಅವರನ್ನೇ ಕರೆಯುತ್ತಿದ್ದರು. ಅರಬೈಲು ಘಟ್ಟದ ಕೆಳಗಿನ ಒಂದು ಕೇರಿಯಿಂದ ಹಳೆಯ ವಿದ್ಯಾರ್ಥಿನಿ ಮಮತಾ ಬಂದಳು. ತಾಯಿ ವೆಂಕಮ್ಮನಿಗೂ ತನಗೂ ಗುಡ್ಡದ ಬುಡದಲ್ಲಿ ಒಂದು ಮನೆ ಕಟ್ಟುವ ವಿಚಾರ. ಮಾಸ್ತರು ಹೋದರು, ಹಿಮ್ಮಡಿಯೂರಿ ಅಡ್ಡಾಡಿದರು. ಮೇಲೆ ದೊಡ್ಡ ದೊಡ್ಡ ಮತ್ತಿಮರಗಳು. ಹಿತ್ತಿಲಾಗುವ ಜಾಗದಲ್ಲಿ ಬೇಸಗೆಯಲ್ಲೂ ಬತ್ತದ ಒರತೆ. ಆ ನೀರನ್ನು ಬೊಗಸೆಯಲ್ಲಿ ಕುಡಿದು ಸುಖಪಟ್ಟರು.

"ಕಟ್ಟೇ ತಂಗಿ. ಈ ಗುಡ್ಡ ಎಲ್ಲೂ ಹೋಗೋದಿಲ್ಲ."

ಕೆಲವು ಮಳೆಗಾಲಗಳು ಹಾದವು. ಒಂದು ಆಷಾಢದ ಮಧ್ಯಾಹ್ನ, ಮಮತಾ ಪೇಟೆಗೆ ಹೋಗಿದ್ದಾಗ, ಆ ಮತ್ತಿಮರಗಳು ನಿಂತ ನಿಲುವಿನಲ್ಲೇ ಕೆಳಗೆ ಜಾರಿಬಂದವು. ವೆಂಕಮ್ಮ ಕೊಟ್ಟಿಗೆಯಲ್ಲಿದ್ದಳು. ಅಗೆದವರಿಗೆ ಅಂದು ಹಸು ಸಿಕ್ಕಿತು, ಮರುದಿನ ವೆಂಕಮ್ಮ.

ಸುದ್ದಿ ಕೇಳಿದ ಮಾಸ್ತರಿಗೆ ಮೊದಲು ನೆನಪಾದದ್ದು ಒರತೆ. ಗುಡ್ಡದ ಹೊಟ್ಟೆಯೊಳಗೆ ನೀರು ದಾರಿ ಮಾಡಿಕೊಂಡಿದೆ ಎಂದು ಅದು ಅಂದೇ ಬಾಯಿಬಿಟ್ಟು ಹೇಳಿತ್ತು. ಅವರು ಅದರ ಸಿಹಿಯನ್ನಷ್ಟೇ ಕೇಳಿಸಿಕೊಂಡಿದ್ದರು.

ಸಂತ್ರಸ್ತರನ್ನು ಇರಿಸಿದ್ದ ಶಾಲೆಯಲ್ಲಿ ಮಮತಾ ಸಿಕ್ಕಳು. "ತಪ್ಪು ನನ್ನದು" ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. ಅವಳು, "ನಿಮ್ಮನ್ನ ಬಿಟ್ರೆ ಮತ್ಯಾರನ್ನ ಕೇಳ್ಬೇಕಿತ್ತು, ಸರ್?" ಎಂದಳು. ಚುಚ್ಚುಮಾತಲ್ಲ ಅದು, ನಿಜವಾಗಿಯೂ ಕೇಳುತ್ತಿದ್ದಳು.

ಆಮೇಲೆ ಮಾಸ್ತರು ಘಟ್ಟದ ಬುಡದ ಮನೆಮನೆಗೆ ಹೋಗಿ, ಬಿಟ್ಟು ಹೊರಡಿ ಎಂದು ಹೇಳತೊಡಗಿದರು. ಮಡದಿ ಪರಿಮಳಾ ತಡೆದರೆ, "ಆನು ಹೋಗ್ತೆ. ಹೇಳ್ದೇ ಇಪ್ಪಲೆ ಆಗ್ತಿಲ್ಲೆ" ಎಂದು ಕೊಡೆ ಹಿಡಿಯುವರು. ಜನ ಮರ್ಯಾದೆಯಿಂದಲೇ ಕೂರಿಸಿ, ನೀರು ಬೆಲ್ಲ ಕೊಟ್ಟು ಕೇಳಿದರು. ಕಡೆಗೆ ಹೊನ್ನ ಎಂಬ ಮುದುಕ, "ಹೋಗುದೆಲ್ಲಿಗೆ, ಹೇಳ್ರಾ. ನಿಮ್ಗೆ ಗೊತ್ತಿಲ್ದಿದ್ ಜಾಗ ಇಲ್ಲ ಅಲ್ರಾ" ಎಂದ.

ಮಾಸ್ತರು ಮನಸ್ಸಿನಲ್ಲೇ ಜಿಲ್ಲೆಯನ್ನೆಲ್ಲ ಸುತ್ತಿದರು. ಮೇಲೆ ಕಾಲಿಡಗೊಡದ ಮೀಸಲು ಅರಣ್ಯ, ಕೆಳಗೆ ಮಳೆಗೆ ಉಕ್ಕುವ ಹೊಳೆ, ಬಡಗಣ ದಿಕ್ಕಿಗೆ ಅಣೆಕಟ್ಟಿನ ಹಿನ್ನೀರು. ಅದರಾಚೆ ಮತ್ತೊಂದು ಗುಡ್ಡ, ಅದರ ಬುಡದಲ್ಲೂ ಮನೆಗಳು. ಹೇಳಲು ಒಂದು ಊರೂ ಸಿಗಲಿಲ್ಲ. ಎದ್ದು ಬಂದರು. ಮತ್ತೆ ಯಾರ ಮನೆಗೂ ಹೋಗಲಿಲ್ಲ. ಹೊನ್ನ ಇನ್ನೂ ಅಲ್ಲೇ ಇದ್ದಾನೆ. ಮಳೆ ಜೋರಾದ ದಿನ ಮಾಸ್ತರಿಗೆ ಊಟ ಸೇರುವುದಿಲ್ಲ.

ನಾಡನ್ನು ಪ್ರೀತಿಸುವವರದೇ ಒಂದು ಕುಲವಿದೆ. ಹೊಳೆ, ಬೆಟ್ಟಗಳ ಹೆಸರನ್ನು ಮಂತ್ರದಂತೆ ಉಚ್ಚರಿಸುತ್ತ, ತಮ್ಮ ಒಲವನ್ನೇ ಅರಿವೆಂದೂ ಆ ಅರಿವನ್ನೇ ಅಭಯವೆಂದೂ ಭಾವಿಸಿ, ತಮ್ಮನ್ನು ನಂಬಿದವರಿಗೂ ಅದನ್ನು ಕೈತುಂಬ ಹಂಚುವವರು. ನೆಲಕ್ಕೆ ಮಾತ್ರ ಇವರು ಯಾರೆಂದು ತಿಳಿಯದು. ಅದು ಗೊತ್ತಾದ ದಿನ ಅಭಯವಷ್ಟೇ ಹೋಗುತ್ತದೆ, ಒಲವು ಹೋಗುವುದಿಲ್ಲ. ಉಳಿದ ಆಯುಷ್ಯವನ್ನು ಅವರು ಅದರೊಡನೆಯೇ ಕಳೆಯಬೇಕಾಗುತ್ತದೆ.